ಶತ್ರುವನ್ನು ಹುಡುಕುವಾಗ ಸಿಕ್ಕ ಕಾವಲುಗಾರ

ಬಾಣಂತಿ ಜ್ವರದ ಭಯ ಎಂಥದ್ದೆಂದು ಇಂದಿನ ವಿದ್ಯಾರ್ಥಿಗಳಿಗೆ ಬಹುಶಃ ತಿಳಿದಿರಲಾರದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಆ ಹೆಸರು ಕೇಳಿದರೆ ಮನೆಮಂದಿಯೆಲ್ಲ ನಡುಗುತ್ತಿದ್ದರು. ಹೆರಿಗೆ ಸುಸೂತ್ರವಾಗಿ ಆಗಿ, ಎಲ್ಲರೂ ನೆಮ್ಮದಿಯಿಂದಿರುವಾಗ ತಾಯಿಗೆ ಜ್ವರ ಏರುತ್ತಿತ್ತು; ಅನೇಕರು ಉಳಿಯುತ್ತಿರಲಿಲ್ಲ. ಶವಪರೀಕ್ಷೆ ಮುಗಿಸಿದ ಕೈಗಳಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದುದನ್ನು ಕಂಡ ಇಗ್ನಾಜ್ ಸೆಮ್ಮೆಲ್‌ವೈಸ್, 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯಲೇಬೇಕೆಂದು ಹಟ ಹಿಡಿದರು. ಸಾವು ಇಳಿಯಿತು. 1879ರಲ್ಲಿ ಲೂಯಿ ಪ್ಯಾಶ್ಚರ್ ಈ ಜ್ವರದ ಹಿಂದಿನ ರೋಗಾಣುವನ್ನು ತೋರಿಸಿಕೊಟ್ಟರು.

ಆದರೂ ಒಂದು ಪ್ರಶ್ನೆ ಉಳಿಯಿತು. ರೋಗಾಣು ಹೊರಗಿನಿಂದಲೇ ಬರುತ್ತದೆಯೇ, ತಾಯಿಯ ದೇಹದಲ್ಲಿ ಮೊದಲೇ ಅಡಗಿರುತ್ತದೆಯೇ? ಇದನ್ನು ತಿಳಿಯಲು ಜರ್ಮನಿಯ ಲೈಪ್‌ಜಿಗ್ ನಗರದ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್‌ಲೈನ್ ಗರ್ಭಿಣಿಯರ ಯೋನಿಸ್ರಾವವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡತೊಡಗಿದರು. (ಯೋನಿ ಎಂಬ ಶಬ್ದಕ್ಕೆ ಸಂಕೋಚ ಬೇಡ. ಕಣ್ಣು, ಕಿವಿಗಳಂತೆ ಅದೂ ದೇಹದ ಒಂದು ಅಂಗದ ಹೆಸರು.) ಅವರು ಹುಡುಕಿದ್ದು ಕೊಲೆಗಡುಕನನ್ನು, ಆರೋಗ್ಯವಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡದ್ದು ಸಣ್ಣ ಕಡ್ಡಿಗಳಂತಹ ಒಂದು ಬ್ಯಾಕ್ಟೀರಿಯಾ. ಅದು ಆಮ್ಲವನ್ನು ತಯಾರಿಸುತ್ತಿತ್ತು. ಅದು ಬೆಳೆದ ಕಡೆ ಕೀವು ಉಂಟುಮಾಡುವ ಸೂಕ್ಷ್ಮಾಣುಗಳು ತಲೆಯೆತ್ತುತ್ತಿರಲಿಲ್ಲ. 1892ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು.

ಈ ಆಮ್ಲ ಬರುವ ಬಗೆ ಸ್ವಾರಸ್ಯಕರವಾಗಿದೆ. ಹುಡುಗಿ ಪ್ರಾಯಕ್ಕೆ ಬಂದಾಗ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂತಹ ಪದಾರ್ಥ ಶೇಖರವಾಗುತ್ತದೆ. ಅದು ಒಡೆದು ಬರುವ ಸಕ್ಕರೆಯನ್ನು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಹೆಪ್ಪು ಹಾಕಿದ ಹಾಲನ್ನು ಹುಳಿ ಮಾಡುವುದೂ ಇದೇ ಆಮ್ಲ. ಪಿ.ಹೆಚ್. 4.5ಕ್ಕಿಂತ ಕೆಳಗಿರುವ ಆ ಹುಳಿಯಲ್ಲಿ ಬಹಳಷ್ಟು ರೋಗಾಣುಗಳು ನೆಲೆಯೂರಲಾರವು. ಮುಟ್ಟು ನಿಂತ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿಯುತ್ತದೆ, ಕಾವಲೂ ಸಡಿಲವಾಗುತ್ತದೆ.

ಇಷ್ಟು ತಿಳಿದ ಮೇಲೆ ಆ ಕಾವಲುಗಾರರನ್ನು ಜನ ಜೋಪಾನ ಮಾಡಿರಬೇಕೆಂದು ನೀವು ಭಾವಿಸಬಹುದು. ಆದದ್ದು ಬೇರೆ. ಸೂಕ್ಷ್ಮಾಣು ಎಂದರೆ ಕೊಳಕು ಎಂಬ ಭಾವನೆ ಎಷ್ಟು ಬೇರೂರಿತ್ತೆಂದರೆ, 1930ರ ದಶಕದ ಅಮೆರಿಕದಲ್ಲಿ ನೆಲ ಒರೆಸಲೂ ಬಳಸುತ್ತಿದ್ದ ಲೈಸಾಲ್ ಎಂಬ ಕ್ರಿಮಿನಾಶಕವನ್ನು ನೀರಿಗೆ ಬೆರೆಸಿ ಯೋನಿಯ ಒಳಭಾಗ ತೊಳೆಯಬೇಕೆಂದು ಮಹಿಳಾ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಹೆಂಡತಿ ಇದನ್ನು ಮಾಡದಿದ್ದರೆ ಗಂಡನ ಪ್ರೀತಿ ಕಳೆದುಕೊಂಡಾಳೆಂಬ ಬೆದರಿಕೆ ಬೇರೆ! ಹೀಗೆ ಒಳಗೆ ತೊಳೆಯುವುದರಿಂದ ಲಾಭವಿಲ್ಲ, ಹಾನಿಯೇ ಹೆಚ್ಚು ಎಂದು ವೈದ್ಯರು ಇಂದು ಹೇಳುತ್ತಾರೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಸ್ವಲ್ಪ ಬಿಳಿ ಸ್ರಾವ ಸಹಜವೇ. ಮೀನಿನಂತಹ ವಾಸನೆ, ತುರಿಕೆ, ಉರಿ ಕಂಡಾಗ ಮಾತ್ರ ನಾಚಿಕೆ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಆ ವಾಸನೆಯ ತೊಂದರೆಗೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು 1955ರಲ್ಲಿ ಅಮೆರಿಕದ ಗಾರ್ಡ್‌ನರ್ ಮತ್ತು ಡ್ಯೂಕ್ಸ್ ಪ್ರಕಟಿಸಿದರು. ವಾಸ್ತವದಲ್ಲಿ ಅದು ಒಂದೇ ಜೀವಿಯ ಕೆಲಸವಲ್ಲ. ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಇತರ ಹಲವು ಬಗೆಯವು ಹೆಚ್ಚುವ ಸ್ಥಿತಿ. ಔಷಧಿಯಿಂದ ಅದು ವಾಸಿಯಾಗುತ್ತದೆ, ಆದರೆ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ಮರಳಿ ಬರುತ್ತದೆ. ಹಾಗಾದರೆ ಕಾವಲುಗಾರರನ್ನೇ ಪುನಃ ಕರೆತಂದು ನೆಲೆಗೊಳಿಸಿದರೆ? ಕೆನಡಾದ ಮೂತ್ರರೋಗ ತಜ್ಞ ಆಂಡ್ರ್ಯೂ ಬ್ರೂಸ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ಗ್ರೆಗರ್ ರೀಡ್ 1980ರ ದಶಕದಲ್ಲಿ ಆರೋಗ್ಯವಂತ ಮಹಿಳೆಯರಿಂದ ಪಡೆದ ತಳಿಗಳೊಂದಿಗೆ ಈ ದಾರಿ ಹಿಡಿದರು. ಹೀಗೆ ಉಪಕಾರಕ್ಕೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್.

ಮೊಸರು ತಿಂದರೆ ಸಾಲದೇ ಎಂದು ಕೇಳಬಹುದು. ಮೊಸರಿನ ಬ್ಯಾಕ್ಟೀರಿಯಾಗಳು ಇವಕ್ಕೆ ದಾಯಾದಿಗಳೇ ಹೊರತು ಇವೇ ಅಲ್ಲ. ಉತ್ತರ ಅಮೆರಿಕದ 396 ಮಹಿಳೆಯರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ಪ್ರಭೇದಗಳು ಮುಖ್ಯವೆಂದು ಕಂಡುಬಂತು: ಕ್ರಿಸ್ಪೇಟಸ್, ಗ್ಯಾಸೆರಿ, ಐನರ್ಸ್, ಜೆನ್ಸೆನಿ. ಯಾವ ತೊಂದರೆಯೂ ಇಲ್ಲದ ಆ ಮಹಿಳೆಯರಲ್ಲೇ ಸುಮಾರು ಕಾಲುಭಾಗದಷ್ಟು ಮಂದಿಯಲ್ಲಿ ಇವುಗಳ ಪ್ರಾಬಲ್ಯವಿರಲಿಲ್ಲ. ಎಲ್ಲ ದೇಹಗಳಿಗೂ ಒಂದೇ ಅಳತೆ ಸಲ್ಲದು.

2020ರಲ್ಲಿ ಅಮೆರಿಕದ ಸಂಶೋಧಕರು 228 ಮಹಿಳೆಯರಿಗೆ ಮೊದಲು ಔಷಧಿ ಕೊಟ್ಟು, ಅನಂತರ ಕೆಲವರಿಗೆ ಕ್ರಿಸ್ಪೇಟಸ್ ಪುಡಿಯನ್ನು, ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಹುಸಿ ಪುಡಿಯನ್ನು ಯೋನಿಯೊಳಗೆ ಇಡಲು ಕೊಟ್ಟ ಪ್ರಯೋಗದ ವರದಿ ಪ್ರಕಟಿಸಿದರು. ಹನ್ನೆರಡು ವಾರಗಳಲ್ಲಿ ಹುಸಿ ಪುಡಿ ಪಡೆದವರಲ್ಲಿ ಶೇ. 45 ಮಂದಿಗೆ ತೊಂದರೆ ಮರಳಿತ್ತು. ಕ್ರಿಸ್ಪೇಟಸ್ ಪಡೆದವರಲ್ಲಿ ಶೇ. 30 ಮಂದಿಗೆ.