ಅರಿವಳಿಕೆಯ ವಿದ್ಯೆಯೂ ಗುರುಶಿಷ್ಯ ಪರಂಪರೆಯೂ

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಔಷಧಗಳ ಶೋಧವನ್ನು ಕುರಿತು ಬರೆದವರು ಬಹುಮಂದಿ. ಆ ಔಷಧಗಳನ್ನು ಪ್ರಯೋಗಿಸುವ ಕೈಗಳು ಹೇಗೆ ಸಿದ್ಧವಾದುವೆಂಬುದನ್ನು ಬರೆದವರು ವಿರಳ. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರೋಗಿಯ ಅರಿವನ್ನು ಅಳಿಸಿ, ಕಾರ್ಯವು ಮುಗಿದ ಮೇಲೆ ಅದನ್ನು ಮರಳಿ ತಂದುಕೊಡುವ ಅರಿವಳಿಕೆಯ ವಿದ್ಯೆಯಲ್ಲಿ ಔಷಧವು ಅರ್ಧಭಾಗ ಮಾತ್ರ; ಉಳಿದರ್ಧವು ಶಿಕ್ಷಣ. ಔಷಧವು ದೊರೆತು ಎಂಬತ್ತು ವರ್ಷಗಳು ಕಳೆದ ಮೇಲೆಯೇ ಅದನ್ನು ಕೊಡತಕ್ಕ ವೈದ್ಯರಿಗೆ ವಿಶ್ವವಿದ್ಯಾಲಯದಲ್ಲಿ ಕ್ರಮಬದ್ಧವಾದ ದೀರ್ಘ ಶಿಕ್ಷಣವು ಏರ್ಪಟ್ಟಿತು. ಆ ನಡುವಣ ಕಾಲದ ವೃತ್ತಾಂತವು ಗುರುಶಿಷ್ಯ ಸಂಬಂಧವನ್ನು ಗೌರವಿಸುವವರೆಲ್ಲರಿಗೂ ವಿಚಾರಾರ್ಹವಾದುದು.

೧೮೪೬ನೆಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ಶಸ್ತ್ರದ ನೋವು ತಿಳಿಯದಂತೆ ಮಾಡಿ ತೋರಿಸಿದನು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಯನ್ನು ಪ್ರಾರಂಭಿಸಿದನು. ಅಲ್ಲಿಯವರೆಗೆ ರೋಗಿಯನ್ನು ಬಲವಾಗಿ ಹಿಡಿದುಕೊಂಡು ಕೊಯ್ಯುತ್ತಿದ್ದ ಜನರಿಗೆ ಇದೊಂದು ವರವಾಗಿಯೇ ತೋರಿತು. ಆದರೆ ೧೮೪೮ನೆಯ ಜನವರಿಯಲ್ಲಿಯೇ ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳಲು ಬಂದ ಹದಿನೈದು ವರ್ಷದ ಬಾಲಕಿಯೊಬ್ಬಳು ಕ್ಲೋರೋಫಾರಂ ಕೊಟ್ಟ ಕೆಲವೇ ನಿಮಿಷಗಳಲ್ಲಿ ಪ್ರಾಣಬಿಟ್ಟಳು. ವರವೇ ಶಾಪವಾಗಬಲ್ಲುದೆಂಬುದು ಆಗ ಪ್ರಕಟವಾಯಿತು.

ಆ ಕಾಲದಲ್ಲಿ ಅರಿವಳಿಕೆಯನ್ನು ಕೊಡುವುದು ಒಂದು ಪ್ರತ್ಯೇಕ ವಿದ್ಯೆಯೆಂದು ಬಹುಮಂದಿ ಭಾವಿಸಿರಲಿಲ್ಲ. ಶಸ್ತ್ರವೈದ್ಯನ ಸಮೀಪದಲ್ಲಿದ್ದ ಯಾರಾದರೊಬ್ಬರು ಬಟ್ಟೆಯ ಮೇಲೆ ದ್ರವವನ್ನು ತೊಟ್ಟಿಕ್ಕಿಸಿದರೆ ಸಾಕೆಂಬ ಎಣಿಕೆಯಿದ್ದಿತು. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯನು ಮಾತ್ರ ಆವಿಯ ಪ್ರಮಾಣವನ್ನು ಅಳೆದು, ಸಂಭವಿಸಿದ ಮರಣಗಳ ಕಾರಣವನ್ನು ಒಂದೊಂದಾಗಿ ವಿಚಾರಿಸಿದನು. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಉಸಿರನ್ನು ಕಾಯ್ದರೆ ಸಾಕು, ನಾಡಿಯನ್ನು ನೋಡಬೇಕಾದುದಿಲ್ಲವೆಂದು ಬೋಧಿಸುತ್ತಿದ್ದನು. ಈ ಬೋಧೆಯು ಆತನ ಶಿಷ್ಯನಾದ ಎಡ್ವರ್ಡ್ ಲಾರಿಯ ಮೂಲಕ ನಮ್ಮ ದೇಶದ ಹೈದರಾಬಾದಿಗೆ ಬಂದಿತು. ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳೂ, ಬಸವಣ್ಣನವರ ಕಲ್ಯಾಣವೂ ಅಂದು ಆ ಸಂಸ್ಥಾನಕ್ಕೆ ಸೇರಿದ್ದುವು.

ಲಾರಿಯು ಹೈದರಾಬಾದಿನ ವೈದ್ಯಶಾಲೆಯಲ್ಲಿ ಅನೇಕ ವಿದ್ಯಾರ್ಥಿಗಳಿಗೆ ಕ್ಲೋರೋಫಾರಂ ಕೊಡುವ ಕ್ರಮವನ್ನು ಶ್ರದ್ಧೆಯಿಂದ ಕಲಿಸಿದನು. ಅವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯೂ ಒಬ್ಬಳು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಆಕೆಯು ಗಣಿಸಲ್ಪಡುತ್ತಾಳೆ. ೧೮೮೮ರಲ್ಲಿಯೂ ೧೮೮೯ರಲ್ಲಿಯೂ ನಿಜಾಮರ ದ್ರವ್ಯಸಹಾಯದಿಂದ ಎರಡು ಕ್ಲೋರೋಫಾರಂ ಆಯೋಗಗಳು ಅಲ್ಲಿ ಕೂಡಿದುವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವಿದ್ವಾಂಸನನ್ನು ಕರೆಯಿಸಲಾಯಿತು. ನಾನೂರಕ್ಕೂ ಮೇಲ್ಪಟ್ಟ ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದುವು. ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ. ಆದುದರಿಂದ ಗುರುವಾದ ಸೈಮ್ ಹೇಳಿದುದೇ ಸತ್ಯವೆಂಬುದು ಆಯೋಗದ ನಿರ್ಣಯವಾಯಿತು.

ಆದರೂ ಮರಣಗಳು ನಿಲ್ಲಲಿಲ್ಲ. ೧೯೧೧ರಲ್ಲಿ ಎ. ಜಿ. ಲೆವಿ ಎಂಬ ಇಂಗ್ಲಿಷ್ ವೈದ್ಯನು ಕ್ಲೋರೋಫಾರಂ ಪ್ರಮಾಣವು ಅಲ್ಪವಾಗಿರುವಾಗಲೇ ಹೃದಯವು ಒಮ್ಮೆಲೇ ಕಂಪಿಸಿ ನಿಂತುಹೋಗಬಹುದೆಂದು ತೋರಿಸಿಕೊಟ್ಟನು. ಉಸಿರನ್ನು ಎಚ್ಚರದಿಂದ ಕಾಯಬೇಕೆಂಬ ಹೈದರಾಬಾದಿನ ಬೋಧೆಯು ಸರಿಯಾದುದೇ. ಹೃದಯಕ್ಕೆ ಭಯವಿಲ್ಲವೆಂಬುದು ಮಾತ್ರ ತಪ್ಪು. ಲಾರಿಯಲ್ಲಿ ನಿಷ್ಠೆಗೆ ಕೊರತೆಯಿರಲಿಲ್ಲ, ಶಿಷ್ಯರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಗುರುವಿನ ಮಾತನ್ನು ಸಾಧಿಸಿ ತೋರಿಸುವ ಆತುರದಲ್ಲಿ, ಆ ಮಾತಿಗೆ ವಿರುದ್ಧವಾದ ಸಾಕ್ಷ್ಯಕ್ಕೆ ತಕ್ಕ ಬೆಲೆಯು ದೊರೆಯದೆ ಹೋಯಿತು. ಬೇರೆ ಶಾಸ್ತ್ರಗಳಲ್ಲಿ ಇಂತಹ ತಪ್ಪಿಗೆ ವಾದವೇ ದಂಡ. ಈ ಶಾಸ್ತ್ರದಲ್ಲಿ ಮಲಗಿರುವವನ ಪ್ರಾಣವೇ ದಂಡ.

ಈ ಕೊರತೆಯನ್ನು ತುಂಬುವ ಶಿಕ್ಷಣಕ್ರಮವನ್ನು ಕಟ್ಟಿದವನು ಅಮೆರಿಕದ ರಾಲ್ಫ್ ವಾಟರ್ಸ್. ೧೮೮೩ರಲ್ಲಿ ಹುಟ್ಟಿದ ಈತನು ಸೂ ಸಿಟಿ ಎಂಬ ಊರಿನಲ್ಲಿ ಸಾಮಾನ್ಯ ವೈದ್ಯನಾಗಿದ್ದು, ಅರಿವಳಿಕೆಯನ್ನು ಬಹುಮಟ್ಟಿಗೆ ತಾನಾಗಿಯೇ ಕಲಿತವನು. ೧೯೨೭ರಲ್ಲಿ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದು, ವೈದ್ಯಪದವೀಧರರು ಆಸ್ಪತ್ರೆಯಲ್ಲಿಯೇ ಇದ್ದು ಕಲಿಯುವ ರೆಸಿಡೆನ್ಸಿ ಕ್ರಮವನ್ನು ಅರಿವಳಿಕೆಗಾಗಿ ಸ್ಥಾಪಿಸಿದನು. ಅಲ್ಲಿ ರೋಗಿಯ ಬಳಿಯ ಅಭ್ಯಾಸವೂ ಪ್ರಯೋಗಶಾಲೆಯ ವ್ಯಾಸಂಗವೂ ಜೊತೆಗೂಡಿದುವು. ಪ್ರತಿಯೊಬ್ಬ ರೋಗಿಯ ವೃತ್ತಾಂತವನ್ನೂ ಬರೆದಿಡುವುದು ಕಡ್ಡಾಯವಾಗಿದ್ದಿತು. ವಾರಕ್ಕೊಮ್ಮೆ ಎಲ್ಲರೂ ಸಭೆ ಸೇರಿ, ನಡೆದ ಅಪಾಯಗಳನ್ನು ಮುಚ್ಚುಮರೆಯಿಲ್ಲದೆ ವಿಮರ್ಶಿಸುತ್ತಿದ್ದರು. ಹಳೆಯ ವಿವಾದವನ್ನೂ ಅವರು ಕೈಬಿಡಲಿಲ್ಲ. ಕ್ಲೋರೋಫಾರಂ ಬಳಕೆಗೆ ಬಂದು ನೂರು ವರ್ಷಗಳಾದ ಮೇಲೆ ಅದನ್ನು ಪುನಃ ಪರೀಕ್ಷೆಗೆ ಒಳಪಡಿಸಿ, ೧೯೫೧ರಲ್ಲಿ ಗ್ರಂಥವನ್ನು ಹೊರತಂದರು.

ಈ ಪರಂಪರೆಯು ಬೇಗನೆ ಕವಲೊಡೆಯಿತು. ಶಿಷ್ಯನಾದ ಎಮರಿ ರೋವನ್‌ಸ್ಟೈನ್ ೧೯೩೫ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಹೋಗಿ ಅಲ್ಲಿ ಇದೇ ಕ್ರಮವನ್ನು ನೆಲೆಗೊಳಿಸಿದನು. ೧೯೩೭ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪೀಠವನ್ನೇರಿದ ರಾಬರ್ಟ್ ಮೆಕಿಂಟಾಷ್ ಮ್ಯಾಡಿಸನ್ನಿಗೆ ಬಂದು ಇಲ್ಲಿಯ ಪದ್ಧತಿಯನ್ನು ಕಂಡುಹೋದನು. ಮ್ಯಾಡಿಸನ್ನಿನಲ್ಲಿಯೂ ಬೆಲ್‌ವ್ಯೂನಲ್ಲಿಯೂ ಕಲಿತ ವರ್ಜೀನಿಯಾ ಎಪ್ಗಾರ್ ಎಂಬ ಮಹಿಳೆಯು, ಆಗತಾನೆ ಹುಟ್ಟಿದ ಶಿಶುವಿನ ನಾಡಿ, ಉಸಿರು, ಬಣ್ಣ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ ಎಂಬ ಐದು ಲಕ್ಷಣಗಳಿಗೆ ಅಂಕಗಳನ್ನಿಡುವ ಕ್ರಮವನ್ನು ೧೯೫೩ರಲ್ಲಿ ಪ್ರಕಟಿಸಿದಳು. ಇಂದು ಲೋಕದ ಹೆರಿಗೆಮನೆಗಳಲ್ಲೆಲ್ಲ ಅದು ರೂಢಿಯಲ್ಲಿದೆ.

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಗಳು ಉಂಟಾದುವು. ೧೯೧೬ರಲ್ಲಿ ಜನ್ಮತಾಳಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯು ೧೯೬೩ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಸುತ್ತೂರು ಶ್ರೀಮಠದ ಆಶ್ರಯದ ವಿದ್ಯಾಪೀಠವು ೧೯೮೪ರಲ್ಲಿ ಮೈಸೂರಿನಲ್ಲಿ ಅಂತಹುದೇ ಸಂಸ್ಥೆಯನ್ನು ಪ್ರಾರಂಭಿಸಿತು. ಇಂತಹ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ತರುಣ ವೈದ್ಯರು ಮೂರು ವರ್ಷಗಳ ಕಾಲ ಅರಿವಳಿಕೆಯನ್ನು ಅಭ್ಯಾಸಮಾಡುತ್ತಾರೆ. ಮೊದಲು ಹಿರಿಯರ ಪಕ್ಕದಲ್ಲಿ ನಿಂತು ದವಡೆಯನ್ನೆತ್ತಿ ಉಸಿರಿನ ದಾರಿಯನ್ನು ತೆರೆದಿಡುವುದನ್ನೂ, ಬಳಿಕ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುವುದನ್ನೂ, ಬೆನ್ನುಹುರಿಯ ಬಳಿ ಸೂಜಿಮದ್ದು ಕೊಡುವುದನ್ನೂ ಕಲಿಯುತ್ತಾರೆ. ಅನುಭವವು ಬಲಿತಂತೆ ಹೊಣೆಯೂ ಹೆಚ್ಚುತ್ತದೆ. ಯಂತ್ರಗಳು ಈಗ ನಾಡಿಯನ್ನೂ ರಕ್ತದ ಆಕ್ಸಿಜನ್ನನ್ನೂ ಕ್ಷಣಕ್ಷಣಕ್ಕೂ ತೋರಿಸುತ್ತವೆ. ಆದರೆ ಯಂತ್ರವು ತೋರಿಸಿದುದರ ಅರ್ಥವನ್ನು ತಿಳಿದು ತಕ್ಷಣ ಕೈನೀಡಬೇಕಾದವನು ಮನುಷ್ಯನೇ.

ಕಲ್ಯಾಣದ ಅನುಭವ ಮಂಟಪದಲ್ಲಿ ನುಡಿಯನ್ನು ನಡೆಯಿಂದಲೂ ಅನುಭವದಿಂದಲೂ ಒರೆಗೆ ಹಚ್ಚುತ್ತಿದ್ದರೆಂಬುದು ಶರಣಪರಂಪರೆಯ ಹೆಮ್ಮೆ. ಅಲ್ಲಿ ಪ್ರಶ್ನೆಯು ಗುರುದ್ರೋಹವೆನಿಸಲಿಲ್ಲ. ಅರಿವಳಿಕೆಯ ಚರಿತ್ರೆಯು ಕಲಿಸುವುದೂ ಇದನ್ನೇ. ಗುರುವಿಲ್ಲದೆ ಕಲಿತ ಕೈ ಅಪಾಯಕರ. ಪ್ರಶ್ನೆಯಿಲ್ಲದೆ ಕಲಿತ ಕೈ ಅದಕ್ಕಿಂತ ಸುರಕ್ಷಿತವೇನೂ ಅಲ್ಲ. ತನ್ನನ್ನು ತಾನು ಕಾಯ್ದುಕೊಳ್ಳಲಾರದೆ ಮಲಗಿರುವ ಜೀವವೊಂದನ್ನು ಎಚ್ಚತ್ತು ಕಾಯುವುದು ಪರಮ ದಾಸೋಹ. ಆ ದಾಸೋಹಕ್ಕೆ ಯೋಗ್ಯರಾದ ವೈದ್ಯರನ್ನು ಸಿದ್ಧಗೊಳಿಸುವ ವಿದ್ಯಾಲಯಗಳಿಗೆ ಸದ್ಭಕ್ತರು ಸಲ್ಲಿಸುವ ನೆರವೂ ಶಿವಪೂಜೆಯೇ ಸರಿ.