ಮದ್ರಾಸಿನ ಹುಡುಗರು ಅಳೆದ ಮೈಸೂರು



ಚೆನ್ನೈನಲ್ಲಿರುವವರು ಗಿಂಡಿ ಇಂಜಿನಿಯರಿಂಗ್ ಕಾಲೇಜಿನ ಕೆಂಪು ಕಟ್ಟಡವನ್ನು ನೋಡಿಯೇ ಇರುತ್ತೀರಿ. ಕಾಲೇಜು ಗಿಂಡಿಗೆ ಬಂದದ್ದು 1920ರಲ್ಲಿ. ಅದರ ಮೂಲ ಮಾತ್ರ 1794ರಲ್ಲಿ ಎಂಟೇ ಎಂಟು ಹುಡುಗರಿಂದ ಶುರುವಾದ ಒಂದು ಸರ್ವೆ ಶಾಲೆ. ಆ ಶಾಲೆಗೂ ನಮ್ಮ ಮೈಸೂರು ಸೀಮೆಗೂ ಹಳೆಯ ನಂಟಿದೆ.

ಈಸ್ಟ್ ಇಂಡಿಯಾ ಕಂಪನಿಗೆ ನೆಲ ಅಳೆಯುವವರು ಬೇಕಿತ್ತು. ಇಂಗ್ಲೆಂಡಿನಿಂದ ಕರೆಸಿದರೆ ದುಬಾರಿ. ಆಗ ಕಂಪನಿಯ ಖಗೋಳಜ್ಞ ಮೈಕೆಲ್ ಟಾಪಿಂಗ್ ಒಂದು ಉಪಾಯ ಹೇಳಿದ: ಮದ್ರಾಸಿನ ಅನಾಥಾಲಯದ ಹುಡುಗರಿಗೇ ಕಲಿಸೋಣ. ಅವರಲ್ಲಿ ಹೆಚ್ಚಿನವರು ಯುರೋಪಿಯನ್ ಸೈನಿಕರಿಗೂ ಇಲ್ಲಿನ ತಾಯಂದಿರಿಗೂ ಹುಟ್ಟಿದವರು. ಧರ್ಮಕ್ಕೆ ಮಾಡಿದ ಕೆಲಸವಲ್ಲ ಬಿಡಿ, ಖರ್ಚು ಉಳಿಸುವ ಲೆಕ್ಕ!

ಸರಪಳಿ ಹಿಡಿದು ಅಳೆಯುವುದು, ಕೋನ ನೋಡುವುದು, ಹಳೆಯ ನಕ್ಷೆಗಳನ್ನು ಪ್ರತಿ ಮಾಡುವುದು, ದೊಡ್ಡದನ್ನು ಚಿಕ್ಕದಾಗಿಸಿ ಬರೆಯುವುದು ಇವೆಲ್ಲ ಪಾಠ. ಚಿಕ್ಕದಾಗಿಸುವಾಗಲೇ ಕಷ್ಟ ನೋಡಿ. ಕೆರೆ, ಕೋಟೆ, ದಾರಿ, ಹಳ್ಳ ಎಲ್ಲವೂ ಅಂಗೈಯಗಲದ ಕಾಗದದಲ್ಲಿ ಹಿಡಿಸುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ನಕ್ಷೆಯ ವಿನ್ಯಾಸ ಎಂದು ಇಂದು ನಾವು ಕರೆಯುವ ವಿದ್ಯೆಯ ತಿರುಳೇ ಇದು. ಬಾಯಿಪಾಠದಿಂದ ಬರುವಂಥದ್ದಲ್ಲ, ಕೈ ಮಸಿ ಮಾಡಿಕೊಂಡೇ ಬರಬೇಕು. ಹಾಗಾಗಿ ಹುಡುಗರನ್ನು ಬೇಗನೆ ಊರೂರಿಗೆ ಕಳುಹಿಸುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮೈಸೂರಿನ ಸರ್ವೆ ಕೆಲಸ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. ಸುಮಾರು 40,000 ಚದರ ಮೈಲಿ! ಅವನ ಸಹಾಯಕರಲ್ಲಿ ಈ ಶಾಲೆಯ ಹುಡುಗರಿದ್ದರು. ಗುಡ್ಡಗಳ ತುದಿಯಿಂದ ಕೋನ ಅಳೆದು, ಮುಕ್ಕಾಲಿಯ ಮೇಲಿನ ಹಲಗೆಗೆ ಕಾಗದ ಹಚ್ಚಿ, ಕಂಡದ್ದನ್ನು ಅಲ್ಲೇ ಬರೆಯಬೇಕು. ಊರಿನ ಹೆಸರನ್ನು ಕನ್ನಡಿಗರ ಬಾಯಿಂದ ಕೇಳಿ ಇಂಗ್ಲಿಷ್‌ನಲ್ಲಿ ಹಿಡಿಯಬೇಕು. (ಮೈಕಿನ ಮುಂದೆ ಊರುಗಳ ಹೆಸರು ಓದುವ ನನಗೆ ಆ ಪಾಡು ಚೆನ್ನಾಗಿ ಅರ್ಥವಾಗುತ್ತದೆ.) ಜೊತೆಗೆ ಜ್ವರದ ಕಾಟ.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಆ ಕೆಲಸವನ್ನು ಇಂದಿಗೂ ಮೆಕೆಂಜಿಯ ಸರ್ವೆ ಎಂದೇ ಕರೆಯುತ್ತೇವೆ. ಗುಡ್ಡ ಹತ್ತಿದ ಹುಡುಗರ ಹೆಸರು ಎಷ್ಟು ಜನರಿಗೆ ಗೊತ್ತು? ಒಂದನ್ನಾದರೂ ಹೇಳಿಬಿಡುತ್ತೇನೆ: ಜೋಶುವಾ ಡಿ ಪೆನ್ನಿಂಗ್. ಇದೇ ಶಾಲೆಯ ಹುಡುಗ. 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರ ರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್‌ನ ತಂಡ ಸೇರಿದವನು, 1823ರಲ್ಲಿ ಲ್ಯಾಂಬ್ಟನ್ ಹಿಂಗಣಘಾಟಿನಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದ.