ಒಂದು ತೂತಿನ ಅಳತೆ

ಒಂದು ಪಾಲು ಪೆಟ್ರೋಲ್ ಸಂಪೂರ್ಣ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಥ್ರಾಟಲ್ ಪೂರ್ತಿ ತೆರೆದು ಗರಿಷ್ಠ ಶಕ್ತಿ ಪಡೆಯಬೇಕಾದರೆ ಗಾಳಿಯ ಪಾಲನ್ನು 12.5ರ ಆಸುಪಾಸಿಗೆ ಇಳಿಸಬೇಕು. ರೇಸ್ ಕಾರುಗಳನ್ನು ಟ್ಯೂನ್ ಮಾಡುವವರು ಹುಡುಕುವುದು ಈ ಹದವನ್ನೇ. ಹದ ತಪ್ಪಿದರೆ ಜೀವವೇ ಹೋದೀತು ಎನ್ನುವುದಕ್ಕೆ ನನಗೆ ನೆನಪಾಗುವುದು 1940ರ ಬ್ರಿಟನ್ನಿನ ಆಕಾಶ.

ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಇಂಧನ ಬರುತ್ತಿದ್ದುದು ಕಾರ್ಬ್ಯುರೇಟರಿನಿಂದ. ಪೈಲಟ್ ವಿಮಾನದ ಮೂತಿಯನ್ನು ಥಟ್ಟನೆ ಕೆಳಗಿಳಿಸಿದರೆ ಪೆಟ್ರೋಲ್ ಫ್ಲೋಟ್ ಕೋಣೆಯ ಮೇಲ್ಭಾಗಕ್ಕೆ ಹಾರಿ, ಎಂಜಿನ್ ಇಂಧನವಿಲ್ಲದೆ ಮುಗ್ಗರಿಸುತ್ತಿತ್ತು. ಮರುಗಳಿಗೆಯಲ್ಲೇ ಕವಾಟ ಪೂರ್ತಿ ತೆರೆದು, ಇಂಧನ ಮಿತಿಮೀರಿ ನುಗ್ಗಿ, ಉಸಿರುಗಟ್ಟುತ್ತಿತ್ತು. ಜರ್ಮನಿಯ ಮೆಸರ್‌ಶ್ಮಿಟ್ 109ರಲ್ಲಿ ಇಂಧನ ನೇರ ಸಿಲಿಂಡರಿಗೇ ಚಿಮ್ಮುತ್ತಿದ್ದುದರಿಂದ ಅದು ಧುಮುಕಿ ಪಾರಾಗುತ್ತಿತ್ತು.

ಇದಕ್ಕೆ ಮದ್ದು ಕಂಡವರು ಫಾರ್ನ್‌ಬರೋ ಸಂಶೋಧನಾಲಯದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕನ್ನು ಗಂಟೆಗೆ 100 ಮೈಲಿ ಮೀರಿ ಓಡಿಸಿದ್ದವರು ಅವರು. ಇಂಧನದ ಹಾದಿಗೆ ಅವರು ಹಾಕಿಸಿದ್ದು ತೂತಿರುವ ಒಂದು ಪುಟ್ಟ ಲೋಹದ ತುಂಡು, ಅಷ್ಟೆ. ಪೂರ್ಣ ಶಕ್ತಿಯಲ್ಲಿ ಎಂಜಿನ್ನಿಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಇಂಧನ ಆ ತೂತಿನಲ್ಲಿ ಹರಿಯಲಾರದು. 1941ರಲ್ಲಿ ಅವರ ಪುಟ್ಟ ತಂಡ ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಅದನ್ನು ಅಳವಡಿಸಿತು.

ಮೊದಲ ಮುಗ್ಗರಿಕೆ ಉಳಿದೇ ಉಳಿಯಿತು. ಆದರೆ ಎಂಜಿನ್ ಉಸಿರುಗಟ್ಟಿ ನಿಲ್ಲುವುದು ತಪ್ಪಿತು. ಯುದ್ಧದ ಚರಿತ್ರೆ ಓದುವಾಗ ನಾವು ಸೇನಾನಿಗಳ ಹೆಸರು ಹುಡುಕುತ್ತೇವೆ. ಒಂದು ತೂತಿನ ಅಳತೆಯನ್ನು ಸರಿಯಾಗಿ ಲೆಕ್ಕಹಾಕಿದವರನ್ನೂ ಅದೇ ಸಾಲಿನಲ್ಲಿ ಕೂರಿಸಬೇಕೆಂದು ನನಗನಿಸುತ್ತದೆ.